ಹಳೇ ಜೀಪು ಕೊಳ್ಳೋ ಮುಂಚೆ ಒಂದ್ಸಲ ಅದರ ಕೆಳಗೆ ಮಲಗಿ ನೋಡಿ

ಹತ್ತು ಸಾವಿರ ರೂಪಾಯಿ ಕಳ್ಕೊಂಡು ಕಲಿತ ಪಾಠ ಇದು. ನೀವು ಪುಕ್ಕಟೆ ಓದ್ಕೊಳ್ಳಿ.

ನಮ್ಮ ಮನೆ ಇರೋದು ಸಕಲೇಶಪುರದಿಂದ ಒಳಗೆ, ಡಾಂಬರು ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಮಣ್ಣಿನ ಏರು ಹತ್ತಿದ ಮೇಲೆ. ಜೂನ್ ಬಂತೆಂದರೆ ನನ್ನ ಬೆಂಗಳೂರಿನ ಕಾರು ಆ ದಾರಿಯ ಬುಡದಲ್ಲೇ ನಿಂತುಬಿಡುತ್ತೆ. ಕೆಲವು ಮಳೆಗಾಲದ ಹಿಂದೆ ಅಮ್ಮ ಹಿತ್ತಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಪಕ್ಕದ ತೋಟದವರ ಟ್ರ್ಯಾಕ್ಟರ್ ಟ್ರೇಲರ್‌ಗೆ ಹಾಸಿಗೆ ಹಾಸಿ, ಮೇಲೆ ಟಾರ್ಪಾಲು ಹಿಡಿದು ರಸ್ತೆವರೆಗೆ ಕರ್ಕೊಂಡು ಬಂದ್ವಿ. ಒಂದೊಂದು ಹೊಂಡಕ್ಕೂ ಅಮ್ಮ ಕೂಗಿಕೊಂಡಿದ್ದು ಅಪ್ಪನ ಕಿವಿಯಿಂದ ಹೋಗಲೇ ಇಲ್ಲ. ಆ ವರ್ಷ ಮೆಣಸು ಮಾರಿದ ದುಡ್ಡನ್ನ ಹಾಗೇ ಎತ್ತಿಟ್ಟು, "ಒಂದು ಫೋರ್ ವೀಲ್ ಜೀಪು ನೋಡಪ್ಪ" ಅಂದರು.

ಹೊಸದು ನಮ್ಮ ಕೈಗೆ ಎಟುಕೋ ಹಾಗಿರಲಿಲ್ಲ. ಉಳಿದಿದ್ದು ಸೆಕೆಂಡ್ ಹ್ಯಾಂಡ್: ಮಹೀಂದ್ರ ಎಂಎಂ 540, ಫೋರ್ ವೀಲ್ ಬೊಲೆರೊ, 2010ರಿಂದ 2020ರವರೆಗೆ ಬಂದ ಹಳೇ ಥಾರ್, ಇಂಥವು. ಮಲೆನಾಡಿನ ಅಚ್ಚುಮೆಚ್ಚಿನ ಜಿಪ್ಸಿ ಪೆಟ್ರೋಲ್ ಗಾಡಿ, ಅದರ ಮಾತು ಇಲ್ಲಿ ಬೇಡ.

ಬೆಂಗಳೂರಿನ ಹೊರವಲಯದಲ್ಲಿ ನೋಡಿದ ಮೊದಲ ಗಾಡಿಗೇ ನಾನು ಬಿದ್ದುಹೋದೆ. ಫಳಫಳ ಬಣ್ಣ, ದಪ್ಪ ಟೈರು, ಮುಂದೆ ಲೈಟಿನ ಸಾಲು. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್. "ನಾಳೆ ಇನ್ನೊಂದು ಪಾರ್ಟಿ ಬರ್ತಿದೆ ಸಾರ್" ಅಂದಿದ್ದೇ ತಡ, ಹತ್ತು ಸಾವಿರ ಅಡ್ವಾನ್ಸ್ ಕೊಟ್ಟುಬಿಟ್ಟೆ. ಎಂಜಿನಿಯರಿಂಗ್ ಓದಿದ್ದೀನಿ ಅನ್ನೋ ಧೈರ್ಯ ಬೇರೆ!

ಮುಂದಿನ ಭಾನುವಾರ ಊರಿನ ಗ್ಯಾರೇಜ್ ಮೇಸ್ತ್ರಿಯನ್ನ ಕರ್ಕೊಂಡು ಹೋದೆ. ಅವರು ಬಾನೆಟ್ ಮುಟ್ಟಲೇ ಇಲ್ಲ. ಗೋಣಿಚೀಲ ಹಾಸಿ ಕೆಳಗೆ ನುಸುಳಿ, ಸ್ಪ್ಯಾನರ್‌ನಿಂದ ಚಾಸಿಯನ್ನ ಉದ್ದಕ್ಕೂ ಬಡಿಯುತ್ತಾ ಹೋದರು. ಟಿಣ್, ಟಿಣ್, ಟಿಣ್. ಹಿಂದಿನ ಸ್ಪ್ರಿಂಗ್ ಹತ್ತಿರ ಬಂದಾಗ 'ದಪ್' ಅಂತು. ಸ್ಕ್ರೂಡ್ರೈವರ್‌ನಿಂದ ಕೆರೆದರೆ ಹೊಸ ಕಪ್ಪು ಬಣ್ಣದ ಹಿಂದೆ ತಗಡಿನ ತೇಪೆ, ತೇಪೆಯ ಹಿಂದೆ ಉದುರೋ ತುಕ್ಕು. "ಎಂಜಿನ್ ಹೋದ್ರೆ ಬಿಚ್ಚಿ ಕಟ್ಟಬಹುದು. ಬೆನ್ನುಮೂಳೆ ಹೋದ್ರೆ ಏನ್ ಕಟ್ತೀರಿ?" ಅಂದರು ಮೇಸ್ತ್ರಿ. ಅಡ್ವಾನ್ಸ್ ವಾಪಸ್ ಬರಲಿಲ್ಲ.

ಆಮೇಲೆ ನಾಲ್ಕು ತಿಂಗಳು ಒಂಬತ್ತು ಗಾಡಿ ನೋಡಿದೆವು. ಈ ಸಲ ನೋಡೋ ಕ್ರಮವನ್ನೇ ತಿರುಗಿಸಿಕೊಂಡೆ. ನಾವೆಲ್ಲ ಮೊದಲು ಬಣ್ಣ, ಆಮೇಲೆ ಎಂಜಿನ್, ಕೊನೆಗೆ ಪುರುಸೊತ್ತಿದ್ದರೆ ಕಾಗದ ನೋಡ್ತೀವಿ. ಆದರೆ ಯಾವುದನ್ನ ರಿಪೇರಿ ಮಾಡೋಕೆ ಆಗಲ್ವೋ ಅದನ್ನೇ ಮೊದಲು ನೋಡಬೇಕು.

ಮೊದಲು ಕಾಗದ

ಆರ್‌ಸಿಯಲ್ಲಿರೋ ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನ ಗಾಡಿ ಮೇಲೆ ಕೊರೆದಿರೋದರ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ನಂಬರ್ ಸುತ್ತ ವೆಲ್ಡಿಂಗ್, ಉಜ್ಜಿದ ಗುರುತು ಇದ್ದರೆ ಅಲ್ಲಿಂದಲೇ ಕೈ ಮುಗಿದು ಬನ್ನಿ. ಹಳೇ ಜೀಪುಗಳಲ್ಲಿ ಬೇರೆ ಗಾಡಿಯ ಎಂಜಿನ್ ಕೂರಿಸಿರೋದು, ಟೂ ವೀಲ್ ಜೀಪಿಗೆ ಫೋರ್ ವೀಲ್ ಆಕ್ಸಲ್ ಜೋಡಿಸಿರೋದು ಮಾಮೂಲು. ಕಂಪನಿ ಕೊಟ್ಟ ಮೂಲ ಸ್ವರೂಪವನ್ನ ಹಾಗೆಲ್ಲ ಬದಲಾಯಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ನಾಳೆ ಎಫ್‌ಸಿಗೆ ಹೋದಾಗ, ಅಪಘಾತದ ವಿಮೆ ಕೇಳಿದಾಗ ಸಿಕ್ಕಿಹಾಕಿಕೊಳ್ಳೋದು ಮಾರಿದವನಲ್ಲ, ನೀವು.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹಿಂದೆ 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5000 ಆಯ್ತು. ಅದರ ಮೇಲೆ ಹಸಿರು ತೆರಿಗೆ. ಹಾಗಾಗಿ 14 ವರ್ಷದ ಗಾಡಿ ಸಸ್ತಾ ಸಿಕ್ಕಿತು ಅಂತ ಹಿಗ್ಗಬೇಡಿ, ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಹೊರರಾಜ್ಯದ ಗಾಡಿ ಆದರೆ ಇನ್ನಷ್ಟು ಹುಷಾರು. ದೆಹಲಿ ಸುತ್ತಮುತ್ತ 10 ವರ್ಷ ಮೀರಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಅಲ್ಲಿನ ಗಾಡಿಗಳು ಕಡಿಮೆ ಬೆಲೆಗೆ ನಮ್ಮ ಕಡೆಗೂ ಬಂದವು. ಎನ್‌ಒಸಿ ಇದೆಯಾ, ಕರ್ನಾಟಕದ ತೆರಿಗೆ ಕಟ್ಟಿದ್ದಾರಾ, ಕೆಎ ನಂಬರ್ ಆಗಿದೆಯಾ ನೋಡಿ. "ಅದೆಲ್ಲ ಆಮೇಲೆ ಮಾಡಿಸ್ಕೊಡ್ತೀವಿ" ಅಂದರೆ, ಗಾಡಿಯನ್ನೂ ಆಮೇಲೆ ತಗೊಳ್ತೀವಿ ಅನ್ನಿ. ಸಾಲ ತೀರಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು.

ಆಮೇಲೆ ಬೆನ್ನುಮೂಳೆ

ಒಂದು ಗೋಣಿಚೀಲ, ಟಾರ್ಚ್, ಸ್ಪ್ಯಾನರ್ ಸಾಕು. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಲಿ. ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೆ ಮಾತ್ರ ಯಾವತ್ತೂ ಹೋಗಬೇಡಿ. ಸ್ಪ್ರಿಂಗ್ ಕೂರೋ ಜಾಗ, ಬಾಡಿ ಬೋಲ್ಟುಗಳ ಸುತ್ತ, ಅಡ್ಡಪಟ್ಟಿ ಸೇರೋ ಮೂಲೆಗಳು, ಇಲ್ಲೇ ಕೆಸರು ಕೂತು ನೀರು ಹಿಡಿದಿಟ್ಟುಕೊಳ್ಳೋದು. ಮೇಲ್ಮೈ ತುಕ್ಕಿಗೆ ಹೆದರಬೇಕಿಲ್ಲ. ಪದರ ಪದರವಾಗಿ ಏಳೋ ತುಕ್ಕು, ಬಡಿದಾಗ ಸತ್ತ ಸದ್ದು, ಇವು ಅಪಾಯ. ಕರಾವಳಿಯಲ್ಲಿ ಓಡಿದ ಗಾಡಿ ಆದರೆ ಉಪ್ಪುಗಾಳಿ ತನ್ನ ಕೆಲಸ ಮಾಡಿರುತ್ತೆ. ಇಡೀ ಗಾಡಿ ಹಳೇದಾಗಿ, ತಳ ಮಾತ್ರ ನಿನ್ನೆ ಬಳಿದ ಹಾಗೆ ಕಪ್ಪಗಿದ್ದರೆ ಯಾಕೆ ಅಂತ ಕೇಳಿ.

ನಾಲ್ಕೂ ಚಕ್ರ ಎಳೀತವಾ?

ಫೋರ್ ವೀಲ್ ಅಂತ ಹೆಚ್ಚು ಬೆಲೆ ಕೊಡ್ತೀವಿ, ಆದರೆ ಅದನ್ನ ಹಾಕಿ ನೋಡೋದೇ ಇಲ್ಲ. ವರ್ಷಗಟ್ಟಲೆ ಹಾಕದೆ ಇದ್ದು ಲಿವರ್ ಹಿಡಿದುಕೊಂಡಿರೋ ಗಾಡಿಗಳು ಎಷ್ಟೋ. ಈ ಪರೀಕ್ಷೆಯನ್ನ ಡಾಂಬರು ರಸ್ತೆಯಲ್ಲಿ ಮಾಡಬೇಡಿ. ಇಂಥ ಜೀಪುಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಬರೋ ವ್ಯತ್ಯಾಸ ಗಟ್ಟಿ ನೆಲದಲ್ಲಿ ಜಾರಿ ಸರಿಹೋಗೋಕಾಗದೆ ಗೇರಿನ ಹಲ್ಲಿನ ಮೇಲೆ ಬೀಳುತ್ತೆ. ಇದೇ ಕಾರಣಕ್ಕೆ ನಾಲ್ಕೂ ಟೈರು ಒಂದೇ ಅಳತೆಯವು ಇರಬೇಕು.

ಒದ್ದೆ ಮಣ್ಣಿನ ಏರಿಗೆ ಒಯ್ಯಿರಿ. ಹಬ್ ಲಾಕ್ ಕೈಯಲ್ಲಿ ತಿರುಗಿಸೋದಾದರೆ ಎರಡೂ ಕಡೆ ಸಲೀಸಾಗಿ ತಿರುಗಬೇಕು. ಒಬ್ಬರು ಪಕ್ಕದಲ್ಲಿ ದೂರ ನಿಂತು, ಹಿಂದಿನ ಚಕ್ರ ಜಾರುವಾಗ ಮುಂದಿನದು ಹಿಡಿದು ಎಳೀತಿದೆಯಾ ನೋಡಲಿ. ಗಾಡಿ ಪೂರ್ತಿ ನಿಲ್ಲಿಸಿ ಲೋ ರೇಂಜ್‌ಗೆ ಹಾಕಿ, ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟರೆ ಆಕ್ಸಲರೇಟರ್ ಮುಟ್ಟದೆಯೇ ತೆವಳಬೇಕು. ಇಳಿಜಾರಿನಲ್ಲಿ ಕಾಲು ತೆಗೆದಾಗ ಲಿವರ್ ತಾನಾಗೇ ನ್ಯೂಟ್ರಲ್‌ಗೆ ಹಾರಿದರೆ ಟ್ರಾನ್ಸ್‌ಫರ್ ಕೇಸ್ ಸವೆದಿದೆ. ಆಕ್ಸಲ್ ಆಯಿಲ್ ಹಾಲು ಬೆರೆಸಿದ ಟೀ ಹಾಗಿದ್ದರೆ ಒಳಗೆ ನೀರು ಹೋಗಿದೆ.

ಕೊನೆಗೆ ಎಂಜಿನ್

ನೀವು ಬರೋ ಹೊತ್ತಿಗೆ ಗಾಡಿ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿರುತ್ತಾರೆ. ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ, "ನಾಳೆ ಬೆಳಿಗ್ಗೆ ಆರಕ್ಕೆ ಬರ್ತೀವಿ, ನಾವೇ ಸ್ಟಾರ್ಟ್ ಮಾಡ್ತೀವಿ" ಅನ್ನಿ. ಡೀಸೆಲ್ ಎಂಜಿನ್ ಒಳಗಿನ ಹವೆಯನ್ನ ಒತ್ತಿ ಬಿಸಿ ಮಾಡಿಯೇ ಇಂಧನ ಹೊತ್ತಿಸೋದು. ಒತ್ತಡ ಸೋರಿದರೆ ತಣ್ಣಗಿನ ಸ್ಟಾರ್ಟ್‌ನಲ್ಲಿ ಗೊತ್ತಾಗಿಬಿಡುತ್ತೆ. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ಎಣ್ಣೆಯ ಜಿಡ್ಡು ಇದೆಯಾ ನೋಡಿ. ಬಿಸಿ ಇದ್ದಾಗ ಬೇಡ, ಮುಖ ಸುಡುತ್ತೆ.

ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಉರೀತಿದೆ. ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್, ಕಂಪ್ರೆಷನ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಕಪ್ಪು ಹೊಗೆ ಅಂದ್ರೆ ಹವೆ ಸಾಲದೆ ಡೀಸೆಲ್ ಜಾಸ್ತಿ ಆಗಿದೆ. ಕೆಲವೊಮ್ಮೆ ಏರ್ ಫಿಲ್ಟರ್ ಬದಲಿಸಿದರೂ ಸಾಕು. ಎಂಜಿನ್ ನಿಧಾನಕ್ಕೆ ಓಡುವಾಗ ಆಯಿಲ್ ಹಾಕೋ ಮುಚ್ಚಳ ಬಿಚ್ಚಿ, ಮಗುಚಿ ಅದರ ಮೇಲೇ ಇಡಿ. ಅಲ್ಲಾಡಿದರೆ ಪರವಾಗಿಲ್ಲ, ಹಾರಿ ಬಿದ್ದರೆ ಪಿಸ್ಟನ್ ರಿಂಗ್ ಸವೆದಿವೆ.

ಓಡೋಮೀಟರ್ ನಂಬಬೇಡಿ. ಸಾಫ್ಟ್‌ವೇರಿನವನಾಗಿ ಹೇಳ್ತೀನಿ, ಅದು ಎಡಿಟ್ ಮಾಡಬಹುದಾದ ಒಂದು ಸಂಖ್ಯೆ ಅಷ್ಟೇ. ನಿಜವಾದ ಲಾಗ್ ಇರೋದು ಪೆಡಲ್ ರಬ್ಬರ್‌ನಲ್ಲಿ, ಸ್ಟಿಯರಿಂಗಿನ ಸವೆತದಲ್ಲಿ, ಸರ್ವಿಸ್ ಬಿಲ್ಲುಗಳಲ್ಲಿ.

ಹತ್ತನೇ ಗಾಡಿ

ಕೊನೆಗೆ ಸಿಕ್ಕಿದ್ದು ಚಿಕ್ಕಮಗಳೂರು ಕಡೆಯ ತೋಟವೊಂದರ 2012ರ ಗಾಡಿ. ಬಣ್ಣ ಮಾಸಿತ್ತು, ಸೀಟು ಹರಿದಿತ್ತು. "ಹಿಂದಿನ ಆಕ್ಸಲ್ ಸೀಲ್ ಸೋರುತ್ತೆ, ಕ್ಲಚ್ ಈ ಮಳೆಗಾಲ ಕಳೆದ್ರೆ ಹೆಚ್ಚು" ಅಂತ ಯಜಮಾನರೇ ಮೊದಲು ಹೇಳಿದರು. ಮೇಸ್ತ್ರಿ ಚಾಸಿ ಬಡಿದರು. ಈ ತುದಿಯಿಂದ ಆ ತುದಿವರೆಗೆ ಟಿಣ್. ಕ್ಲಚ್ಚು, ಸೀಲು, ಟೈರಿಗೆ ಅಂತ ದುಡ್ಡು ಬೇರೆ ಎತ್ತಿಟ್ಟು, 2027ರ ನವೀಕರಣವನ್ನೂ ಲೆಕ್ಕಕ್ಕೆ ಹಿಡಿದು ಮಾತು ಮುಗಿಸಿದೆವು.

ಆ ಮಳೆಗಾಲ ಅಮ್ಮನನ್ನ ಕಾಲಿನ ಚೆಕಪ್‌ಗೆ ಅದರಲ್ಲೇ ಕರ್ಕೊಂಡು ಹೋದ್ವಿ. ಲೋ ರೇಂಜಿನಲ್ಲಿ ಜೀಪು ಕೆಸರಿನಲ್ಲಿ ನಿಧಾನಕ್ಕೆ ಇಳೀತಿತ್ತು. ಅಪ್ಪ ಮಾತಾಡದೆ ಅಮ್ಮನ ಮುಖವನ್ನೇ ನೋಡ್ತಿದ್ದರು. ಡಾಂಬರು ಸಿಕ್ಕಿದ ಮೇಲೆ ಅಮ್ಮ, "ಸೀಟಿಗೆ ಒಂದು ಒಳ್ಳೇ ಕವರ್ ಹಾಕಿಸ್ಬಾರ್ದಾ?" ಅಂದರು. ಅಷ್ಟೇ ದೂರು.