ಒಂದು ಯಂತ್ರಕ್ಕೆ ಎರಡು ಗನ್: ನೊರೆ ಸಿಂಪರಣೆಯಲ್ಲಿ ಪಾಲಿನ ಲೆಕ್ಕ

ಕಟ್ಟಡದ ಗೋಡೆ, ಛಾವಣಿಗಳ ಮೂಲಕ ಶಾಖ ಒಳನುಸುಳದಂತೆ ಅಥವಾ ಹೊರಕ್ಕೆ ಸೋರಿಹೋಗದಂತೆ ತಡೆಯುವ ವಸ್ತುಗಳನ್ನು ಉಷ್ಣನಿರೋಧಕಗಳು ಎನ್ನುತ್ತೇವೆ. ಇವುಗಳಲ್ಲಿ ಪಾಲಿಯುರಿಥೇನ್ ನೊರೆಗೆ ಮುಖ್ಯ ಸ್ಥಾನವಿದೆ. ಇದರಲ್ಲಿ ಕಾರ್ಖಾನೆಯಲ್ಲಿ ಹಲಗೆಯ ರೂಪದಲ್ಲಿ ಸಿದ್ಧವಾಗಿ ಬರುವುದು ಒಂದು ಬಗೆ. ದ್ರವರೂಪದಲ್ಲಿ ಕಟ್ಟಡದ ಬಳಿಗೆ ಬಂದು, ಗನ್ ಮೂಲಕ ಸಿಂಪರಣೆಗೊಂಡು, ಗೋಡೆಯ ಮೇಲೆಯೇ ಉಬ್ಬಿ ಗಟ್ಟಿಯಾಗುವುದು ಇನ್ನೊಂದು ಬಗೆ. ಅಮೆರಿಕ, ಕೆನಡಾಗಳ ಮರದ ಚೌಕಟ್ಟಿನ ಮನೆಗಳಲ್ಲಿ ಈ ಎರಡನೆಯ ಬಗೆ ವ್ಯಾಪಕ ಬಳಕೆಯಲ್ಲಿದೆ. ನಮ್ಮ ದೇಶದಲ್ಲೂ ಶೀತಲಗೃಹಗಳಿಗೆ, ಕಾರ್ಖಾನೆಗಳ ಛಾವಣಿಗಳಿಗೆ ಇದನ್ನು ಸಿಂಪಡಿಸುವುದುಂಟು.

ಈ ಕೆಲಸಕ್ಕೆ ಬೇಕಾದ ಯಂತ್ರ ದುಬಾರಿ. ಅದಕ್ಕೆ ಹೋಲಿಸಿದರೆ ಗನ್‌ನ ಬೆಲೆ ಕಡಿಮೆ. ಹಾಗಾಗಿ ಗುತ್ತಿಗೆದಾರರ ಮನಸ್ಸಿನಲ್ಲಿ ಒಂದು ಪ್ರಶ್ನೆ ಮೂಡುವುದು ಸಹಜ. ಇರುವ ಯಂತ್ರಕ್ಕೆ ಇನ್ನೊಂದು ಗನ್ ಜೋಡಿಸಿ, ಇಬ್ಬರು ಕೆಲಸಗಾರರನ್ನು ನಿಲ್ಲಿಸಿದರೆ ಎರಡು ದಿನದ ಕೆಲಸ ಒಂದೇ ದಿನದಲ್ಲಿ ಮುಗಿಯುವುದಿಲ್ಲವೇ? ಜೋಡಿಸುವುದು ಕಷ್ಟವಲ್ಲ. ಆದರೆ ಹೀಗೆ ಜೋಡಿಸಿದಾಗ ಯಂತ್ರದ ಒಂದು ಮುಖ್ಯ ಗುಣ ನಮಗೆ ತಿಳಿಯದಂತೆಯೇ ಕೈತಪ್ಪಿ ಹೋಗುತ್ತದೆ. ಅದು ಯಾವುದು, ಏಕೆ ಎಂಬುದನ್ನು ನೋಡೋಣ.

ನೊರೆ ಹುಟ್ಟುವ ಬಗೆ

ಸಿಂಪರಣೆಯ ನೊರೆ ಎರಡು ದ್ರವಗಳಿಂದ ಆಗುತ್ತದೆ. ಅಮೆರಿಕದ ರೂಢಿಯಂತೆ ಇವನ್ನು ಎ ಮತ್ತು ಬಿ ಎಂದು ಕರೆಯೋಣ. ಎ ದ್ರವ ಎಂದರೆ ಐಸೊಸಯನೇಟ್. ಬಿ ದ್ರವದಲ್ಲಿ ಪಾಲಿಯಾಲ್, ಕ್ರಿಯಾವರ್ಧಕ, ಬೆಂಕಿನಿರೋಧಕ ಮತ್ತು ಉಬ್ಬುಕಾರಕ ಸೇರಿರುತ್ತವೆ. ಎರಡೂ ಕೂಡಿದೊಡನೆ ರಾಸಾಯನಿಕ ಕ್ರಿಯೆ ನಡೆದು ಶಾಖ ಹುಟ್ಟುತ್ತದೆ. ಆ ಶಾಖಕ್ಕೆ ಉಬ್ಬುಕಾರಕ ಅನಿಲವಾಗಿ ಲಕ್ಷಾಂತರ ಗುಳ್ಳೆಗಳನ್ನು ಎಬ್ಬಿಸುತ್ತದೆ. ಗುಳ್ಳೆಗಳ ಗೋಡೆಗಳು ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತವೆ. ಮುಚ್ಚುಕೋಶದ ನೊರೆಯ ಸಾಂದ್ರತೆ ಘನ ಮೀಟರಿಗೆ ಸುಮಾರು 32 ಕಿ.ಗ್ರಾಂ. ಎಂದರೆ ಮೂಲ ದ್ರವ ಮೂವತ್ತು ಪಟ್ಟಿಗೂ ಮಿಕ್ಕಿ ಉಬ್ಬಿರುತ್ತದೆ.

ಇಲ್ಲಿ ಎರಡು ನಿಯಮಗಳಿವೆ. ಮೊದಲನೆಯದಾಗಿ, ಎ ಮತ್ತು ಬಿ ದ್ರವಗಳು ಗಾತ್ರದಲ್ಲಿ 1:1 ಅನುಪಾತದಲ್ಲಿ ಸೇರಬೇಕು. ಎರಡನೆಯದಾಗಿ, ಅವು ಕಣ್ಣುಮುಚ್ಚಿ ತೆರೆಯುವುದರೊಳಗೆ ಚೆನ್ನಾಗಿ ಬೆರೆಯಬೇಕು. ಗನ್ ಒಳಗೆ ಕಲಕುವ ಸಾಧನವೇನೂ ಇಲ್ಲ. ಪುಟ್ಟ ಮಿಶ್ರಣ ಕೋಶದಲ್ಲಿ ಎದುರುಬದುರಾಗಿ ನುಗ್ಗುವ ಎರಡು ಧಾರೆಗಳು ಡಿಕ್ಕಿ ಹೊಡೆದು ಬೆರೆಯುತ್ತವೆ. ಅದಕ್ಕಾಗಿ 70ರಿಂದ 100 ಬಾರ್ ಒತ್ತಡ ಬೇಕು. ದ್ರವ ತೆಳುವಾಗಿ ಹರಿಯಲು 50ರಿಂದ 60 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಪೀಪಾಯಿಗಳಿಂದ ದ್ರವಗಳನ್ನು ಎಳೆದು, ಸಮಪ್ರಮಾಣದಲ್ಲಿ ಅಳೆದು, ಬಿಸಿ ಮಾಡಿ, ಒತ್ತಡಕ್ಕೇರಿಸಿ, ಬಿಸಿತಂತಿ ಸುತ್ತಿದ ಹೋಸ್‌ಗಳ ಮೂಲಕ ಗನ್‌ಗೆ ತಳ್ಳುವುದೇ ಯಂತ್ರದ ಕೆಲಸ.

ಮೊದಲ ತೊಡಕು: ಶಾಖ

ಮಧ್ಯಮ ಗಾತ್ರದ ಯಂತ್ರವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಗ್ರಾಕೊ ಕಂಪನಿಯ ರಿಯಾಕ್ಟರ್ ಇ-30 ಯಂತ್ರ ನಿಮಿಷಕ್ಕೆ 13.5 ಕಿ.ಗ್ರಾಂ. ವರೆಗೆ ದ್ರವವನ್ನು ತಳ್ಳಬಲ್ಲದು. ಅದರ ಹೀಟರು 10.2 ಅಥವಾ 15.3 ಕಿಲೋವಾಟ್ ಸಾಮರ್ಥ್ಯದಲ್ಲಿ ದೊರೆಯುತ್ತದೆ. ಪ್ರತಿ ಗನ್ ನಿಮಿಷಕ್ಕೆ 6 ಕಿ.ಗ್ರಾಂ. ಚೆಲ್ಲುತ್ತದೆ ಎಂದಿಟ್ಟುಕೊಂಡರೆ ಎರಡು ಗನ್‌ಗಳಿಗೆ 12 ಕಿ.ಗ್ರಾಂ. ಪಂಪಿನ ಮಿತಿಯೊಳಗೇ ಇದೆ, ಸರಿಹೋಯಿತು ಎನಿಸುತ್ತದೆ.

ಆದರೆ ಹೀಟರಿನ ಲೆಕ್ಕ ಬೇರೆ. ಈ ದ್ರವಗಳ ವಿಶಿಷ್ಟೋಷ್ಣವನ್ನು ಸರಾಸರಿ 1.8 ಕಿಲೋಜೂಲ್ ಎಂದು ಹಿಡಿಯೋಣ. 12 ಕಿ.ಗ್ರಾಂ. ಎಂದರೆ ಸೆಕೆಂಡಿಗೆ 0.2 ಕಿ.ಗ್ರಾಂ. ಚಳಿಗಾಲದಲ್ಲಿ ಪೀಪಾಯಿ 15 ಡಿಗ್ರಿಯಲ್ಲಿದ್ದು, ದ್ರವವನ್ನು 55 ಡಿಗ್ರಿಗೆ ಏರಿಸಬೇಕಾದರೆ ಬೇಕಾಗುವ ಸಾಮರ್ಥ್ಯ 0.2 × 1.8 × 40 = 14.4 ಕಿಲೋವಾಟ್. 10.2 ಕಿಲೋವಾಟಿನ ಹೀಟರು ಆ ಪ್ರವಾಹವನ್ನು 28 ಡಿಗ್ರಿಯಷ್ಟು ಮಾತ್ರ ಏರಿಸಬಲ್ಲದು. ಆಗ ಗನ್ ಕಡೆಗೆ ಹೋಗುವ ದ್ರವ 43 ಡಿಗ್ರಿಯಲ್ಲೇ ಉಳಿಯುತ್ತದೆ. ತಣ್ಣನೆಯ ದ್ರವ ಮಂದವಾಗಿರುತ್ತದೆ. ಮಂದ ದ್ರವ ಸರಿಯಾಗಿ ಬೆರೆಯುವುದಿಲ್ಲ.

ಇದೇ ಕೆಲಸವನ್ನು ಕಲಬುರಗಿಯ ಬೇಸಿಗೆಯಲ್ಲಿ ಮಾಡಿದರೆ ಪೀಪಾಯಿಯೇ 35 ಡಿಗ್ರಿಯಲ್ಲಿರುತ್ತದೆ. ಆಗ ಬೇಕಾಗುವುದು 7.2 ಕಿಲೋವಾಟ್ ಮಾತ್ರ. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಉಬ್ಬುಕಾರಕಗಳು ಕಡಿಮೆ ಉಷ್ಣತೆಯಲ್ಲೇ ಕುದಿಯುವ ದ್ರವಗಳು. ಭಾರತದಲ್ಲಿ ಹಿಂದೆ ಬಳಕೆಯಲ್ಲಿದ್ದ ಎಚ್‌ಸಿಎಫ್‌ಸಿ-141ಬಿ ಕುದಿಯುವುದು 32 ಡಿಗ್ರಿಯಲ್ಲಿ. ಓಜೋನ್ ಪದರಕ್ಕೆ ಹಾನಿಕರವಾದ ಇದರ ಆಮದಿಗೆ 2020ರ ಜನವರಿ 1ರಿಂದ ಪರವಾನಗಿ ನಿಂತಿದೆ. ಬಿಸಿಲಿಗೆ ಕಾದ ಬಿ ಪೀಪಾಯಿಯೊಳಗೆ ಒತ್ತಡ ಏರಿರುತ್ತದೆ. ಅದರ ಮುಚ್ಚಳವನ್ನು ಥಟ್ಟನೆ ತೆರೆಯುವುದು ಅಪಾಯ. ಒಟ್ಟಿನಲ್ಲಿ ಶಾಖದ ತೊಡಕು ಊರಿನ ಹವೆಯನ್ನು ಅವಲಂಬಿಸಿದೆ. ದೊಡ್ಡ ಹೀಟರಿನಿಂದ ಅದನ್ನು ಪರಿಹರಿಸಬಹುದು.

ಎರಡನೆಯ ತೊಡಕು: ಒತ್ತಡ

ಮಹಡಿಯ ಒಂದೇ ತೊಟ್ಟಿಯಿಂದ ಎರಡು ನಲ್ಲಿಗಳಿಗೆ ನೀರು ಬರುವ ಮನೆಯಲ್ಲಿ, ಅಡುಗೆಮನೆಯ ನಲ್ಲಿ ತಿರುಗಿಸಿದರೆ ಬಚ್ಚಲಿನ ನಲ್ಲಿಯ ಧಾರೆ ಸಣ್ಣದಾಗುವುದನ್ನು ಎಲ್ಲರೂ ಕಂಡಿದ್ದೇವೆ. ಇಲ್ಲಿಯೂ ಹಾಗೆಯೇ. ಉದ್ದನೆಯ ಒಂದೇ ಹೋಸ್ ಎಳೆದು ಅದರ ತುದಿಯಲ್ಲಿ ಕವಲು ಹಾಕಿದರೆ, ಎರಡೂ ಗನ್‌ಗಳು ತೆರೆದಾಗ ಹೋಸ್‌ನಲ್ಲಿ ಪ್ರವಾಹ ಇಮ್ಮಡಿಯಾಗುತ್ತದೆ. ಮಂದ ದ್ರವದ ನಿಧಾನ ಹರಿವಿನಲ್ಲಿ ಒತ್ತಡದ ನಷ್ಟವೂ ಇಮ್ಮಡಿಯಾಗುತ್ತದೆ. ಒಂದು ಗನ್ ಇದ್ದಾಗ 10 ಬಾರ್ ಕಳೆದುಹೋಗುತ್ತಿದ್ದರೆ ಎರಡಕ್ಕೆ 20 ಬಾರ್. ಪಕ್ಕದವನು ಟ್ರಿಗರ್ ಬಿಟ್ಟೊಡನೆ ನಮ್ಮ ಗನ್‌ನ ಒತ್ತಡ ಜಿಗಿಯುತ್ತದೆ, ಹಿಡಿದೊಡನೆ ಕುಸಿಯುತ್ತದೆ. ಎ ಮತ್ತು ಬಿ ದ್ರವಗಳ ಸ್ನಿಗ್ಧತೆ ಒಂದೇ ಅಲ್ಲವಾದ್ದರಿಂದ ಈ ಏರಿಳಿತವೂ ಎರಡೂ ಬದಿಗಳಲ್ಲಿ ಸಮನಾಗಿರುವುದಿಲ್ಲ.

ಇದಕ್ಕೂ ಪರಿಹಾರವಿದೆ. ಕವಲನ್ನು ಯಂತ್ರದ ಬಳಿಯೇ ಹಾಕಿ ಪ್ರತಿ ಗನ್‌ಗೆ ಪ್ರತ್ಯೇಕ ಹೋಸ್ ಎಳೆಯಬಹುದು. ಅಗಲದ ಹೋಸ್ ಬಳಸಬಹುದು. ಇಂಥ ಹರಿವಿನಲ್ಲಿ ಒತ್ತಡದ ನಷ್ಟ ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುತ್ತದೆ. ಕಾಲು ಅಂಗುಲದ ಬದಲು ಮುಕ್ಕಾಲರ್ಧ, ಅಂದರೆ ಎಂಟರಲ್ಲಿ ಮೂರಂಶ ಅಂಗುಲದ ಹೋಸ್ ಹಾಕಿದರೆ ನಷ್ಟ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಎರಡು ಹೋಸ್ ಎಂದರೆ ಎರಡು ಬಿಸಿತಂತಿಗಳು. ಪ್ರತಿಯೊಂದಕ್ಕೂ ತನ್ನದೇ ಉಷ್ಣತಾ ಸಂವೇದಕ, ತನ್ನದೇ ನಿಯಂತ್ರಕ ಇರಬೇಕು. ಒಂದು ಹೋಸ್‌ನ ಸಂವೇದಕ ಹೇಳಿದಂತೆ ಇನ್ನೊಂದನ್ನೂ ಕಾಯಿಸಿದರೆ, ಗನ್ ನಿಂತಿರುವ ಹೋಸ್ ಅತಿಯಾಗಿ ಕಾಯಬಹುದು; ಹರಿಯುತ್ತಿರುವುದು ತಣಿಯಬಹುದು.

ಮೂರನೆಯ ತೊಡಕು: ಪಾಲು

ಇದೇ ಎಲ್ಲಕ್ಕಿಂತ ಮುಖ್ಯವಾದುದು. ಯಂತ್ರದಲ್ಲಿ ಎ ಮತ್ತು ಬಿ ಪಂಪುಗಳು ಒಂದಕ್ಕೊಂದು ಬಿಗಿಯಾಗಿ ಜೋಡಣೆಗೊಂಡಿರುತ್ತವೆ. ಒಂದು ಚಲಿಸಿದಷ್ಟೇ ಇನ್ನೊಂದೂ ಚಲಿಸಬೇಕು. ಪ್ರತಿ ಹೊಡೆತಕ್ಕೂ ಎರಡೂ ಸಮ ಗಾತ್ರದ ದ್ರವವನ್ನು ತಳ್ಳುತ್ತವೆ. ಗನ್ ಒಂದೇ ಇದ್ದರೆ ಆ ದ್ರವಕ್ಕೆ ಬೇರೆ ದಾರಿಯೇ ಇಲ್ಲ. ಆದ್ದರಿಂದ 1:1 ಅನುಪಾತ ತಾನಾಗಿಯೇ ಉಳಿಯುತ್ತದೆ.

ಗನ್‌ನಲ್ಲಿ ಎ ಬದಿಯ ರಂಧ್ರ ಗಸಿ ಕಟ್ಟಿ ಐದನೇ ಒಂದು ಭಾಗ ಮುಚ್ಚಿತು ಎಂದಿಟ್ಟುಕೊಳ್ಳೋಣ. ಸಣ್ಣ ರಂಧ್ರದ ಮೂಲಕ ಹರಿಯುವ ಪ್ರಮಾಣ ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಹೋಸ್‌ನ ನಷ್ಟವನ್ನು ಸದ್ಯಕ್ಕೆ ಬದಿಗಿಡೋಣ. 0.8ರಷ್ಟು ರಂಧ್ರದಲ್ಲಿ ಅಷ್ಟೇ ದ್ರವ ಹೋಗಬೇಕಾದರೆ ಒತ್ತಡ 1.56 ಪಟ್ಟು ಬೇಕು. ಬಿ ಬದಿಯಲ್ಲಿ 80 ಬಾರ್ ಇದ್ದರೆ ಎ ಬದಿಯಲ್ಲಿ 125 ಬಾರ್. ವ್ಯತ್ಯಾಸ 45 ಬಾರ್. ಎರಡು ಬದಿಗಳ ಒತ್ತಡದ ವ್ಯತ್ಯಾಸ ಸುಮಾರು 35 ಬಾರ್ ದಾಟಿದರೆ ನಿಲ್ಲುವಂತೆ ಅನೇಕ ಯಂತ್ರಗಳಲ್ಲಿ ಏರ್ಪಾಡಿದೆ. ಹೀಗೆ ಯಂತ್ರ ನಿಲ್ಲುತ್ತದೆ. ಕೆಲಸಗಾರ ಗನ್ ಬಿಚ್ಚಿ ಶುಚಿಗೊಳಿಸುತ್ತಾನೆ. ಕೆಟ್ಟ ನೊರೆ ಗೋಡೆ ಸೇರುವುದಿಲ್ಲ.

ಈಗ ಎರಡು ಗನ್‌ಗಳಿವೆ. ಮೊದಲನೆಯದರ ಎ ರಂಧ್ರ ಮೊದಲಿನಷ್ಟೇ ಮುಚ್ಚಿದೆ. ಎರಡನೆಯದು ಚೆನ್ನಾಗಿಯೇ ಇದೆ. ಎ ದ್ರವಕ್ಕೆ ಇರುವ ಒಟ್ಟು ದಾರಿ 0.8 + 1 = 1.8. ಬಿ ದ್ರವಕ್ಕೆ 2. ಎ ಬದಿಯ ಒತ್ತಡ 2/1.8ರ ವರ್ಗದಷ್ಟು, ಎಂದರೆ 1.23 ಪಟ್ಟು ಏರುತ್ತದೆ. 80 ಬಾರ್ ಇದ್ದುದು 99 ಬಾರ್ ಆಯಿತು. ವ್ಯತ್ಯಾಸ 19 ಬಾರ್ ಮಾತ್ರ. ಯಂತ್ರ ನಿಲ್ಲುವುದಿಲ್ಲ. ಆದರೆ ಗನ್‌ಗಳಲ್ಲಿ ಏನಾಗುತ್ತಿದೆ? ಪ್ರತಿ 100 ಲೀಟರ್ ಬಿ ದ್ರವಕ್ಕೆ ಮೊದಲ ಗನ್‌ನಲ್ಲಿ 89 ಲೀಟರ್ ಎ ಸೇರುತ್ತಿದೆ. ಎರಡನೆಯದರಲ್ಲಿ 111 ಲೀಟರ್. ಎರಡನ್ನೂ ಕೂಡಿದರೆ 200ಕ್ಕೆ 200. ಯಂತ್ರದ ಮಟ್ಟಿಗೆ ಲೆಕ್ಕ ಚುಕ್ತಾ!

ಒಬ್ಬರ ಎಲೆಗೆ ಉಪ್ಪು ಹೆಚ್ಚು, ಇನ್ನೊಬ್ಬರ ಎಲೆಗೆ ಸಪ್ಪೆ. ಡಬ್ಬಿಯಿಂದ ತೆಗೆದ ಉಪ್ಪಿನ ಲೆಕ್ಕ ಮಾತ್ರ ಸರಿ ಎಂಬಂತಾಯಿತು. ಗಮನಿಸಬೇಕಾದ ಸಂಗತಿಯೆಂದರೆ ಕೆಟ್ಟಿರುವುದು ಒಂದು ಗನ್, ಆದರೆ ಕೆಡುವುದು ಎರಡೂ ಗನ್‌ಗಳ ನೊರೆ. ಇತ್ತೀಚಿನ ಕೆಲವು ಯಂತ್ರಗಳಲ್ಲಿ ಅನುಪಾತ ಅಳೆಯುವ ಪ್ರವಾಹಮಾಪಕಗಳಿವೆ. ಅವು ಕವಲಿಗೆ ಮೊದಲೇ ಇದ್ದರೆ ಅಳೆಯುವುದು ಮೊತ್ತವನ್ನು ಮಾತ್ರ; ಅವೂ 1:1 ಎಂದೇ ತೋರಿಸುತ್ತವೆ.

ತಪ್ಪಿದರೆ ಏನು?

ಎ ಹೆಚ್ಚಾದ ನೊರೆ ಗಡುಸಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಬಿ ಹೆಚ್ಚಾದುದು ಮೆದುವಾಗಿ, ಅಂಟಂಟಾಗಿ ಉಳಿಯುತ್ತದೆ. ಅದರಿಂದ ಮೀನಿನ ವಾಸನೆಯನ್ನು ಹೋಲುವ ಅಮೀನ್ ವಾಸನೆ ಬರಬಹುದು. ನೊರೆ ಕುಗ್ಗಿ ಮರದ ಚೌಕಟ್ಟಿನಿಂದ ಬಿಟ್ಟುಕೊಂಡರೆ ಆ ಸಂದಿನಲ್ಲಿ ಗಾಳಿ, ತೇವ ನುಸುಳುತ್ತವೆ. ಇದರ ಮೇಲೆ ಹಲಗೆ ಹೊಡೆದು ಬಣ್ಣ ಬಳಿದ ಮೇಲೆ ದೋಷ ಕಣ್ಣಿಗೆ ಬೀಳುವುದಿಲ್ಲ. ಮನೆಯವರಿಗೆ ತಿಳಿಯುವುದು ವಾಸನೆ ಬಂದಾಗ ಅಥವಾ ಮರ ಮುಗ್ಗಿದಾಗ. ಆಗ ಗೋಡೆ ಒಡೆದು ನೊರೆಯನ್ನು ಕೆರೆದು ತೆಗೆಯುವುದೊಂದೇ ದಾರಿ. ಉಳಿಸಿದ ಒಂದು ದಿನದ ಕೂಲಿ ಇದರ ಮುಂದೆ ಲೆಕ್ಕಕ್ಕೇ ಬಾರದು.

ಕೆಲಸಗಾರರ ಆರೋಗ್ಯದ ಮಾತೂ ಇದೆ. ಐಸೊಸಯನೇಟ್ ಶ್ವಾಸಕೋಶಕ್ಕೆ ಒಮ್ಮೆ ಒಗ್ಗದಾಯಿತೆಂದರೆ ಮುಂದೆ ಅತ್ಯಲ್ಪ ಪ್ರಮಾಣವೂ ಆಸ್ತಮಾ ತರಬಲ್ಲದು. ಅಮೆರಿಕದ ಔದ್ಯೋಗಿಕ ಸುರಕ್ಷತಾ ನಿಯಮದಂತೆ ಗಾಳಿಯಲ್ಲಿ ಎಂಡಿಐ ಎಂಬ ಐಸೊಸಯನೇಟ್ ಹತ್ತು ಲಕ್ಷ ಭಾಗಗಳಲ್ಲಿ 0.02 ಭಾಗವನ್ನು ಎಂದೂ ಮೀರಕೂಡದು. ಒಂದೇ ಕೋಣೆಯಲ್ಲಿ ಎರಡು ಗನ್‌ಗಳು ನಡೆದರೆ ಮಂಜು ಇಮ್ಮಡಿ. ಇಬ್ಬರಿಗೂ ಹೊರಗಿನ ಶುದ್ಧ ಗಾಳಿ ಪೂರೈಸುವ ಮುಖವಾಡ ಬೇಕೇ ಬೇಕು. ಅವರೊಡನೆ ಇರುವ ಸಹಾಯಕನಿಗೂ ಬೇಕು.

ಮಾಡಲೇಬೇಕಾದರೆ

ಎರಡು ಗನ್ ಜೋಡಿಸಲೇಬೇಕೆಂದರೆ ಈ ಅಂಶಗಳನ್ನು ಪಾಲಿಸಬೇಕು. ಎರಡೂ ಗನ್‌ಗಳ ಮಿಶ್ರಣ ಕೋಶ ಒಂದೇ ಅಳತೆಯದಾಗಿರಲಿ. ಹೋಸ್‌ಗಳ ಉದ್ದ, ವ್ಯಾಸ ಸಮನಾಗಿರಲಿ. ಎರಡರ ಒಟ್ಟು ಪ್ರವಾಹ ಪಂಪು ಮತ್ತು ಹೀಟರು ಎರಡರ ಮಿತಿಗಿಂತಲೂ ಸಾಕಷ್ಟು ಕೆಳಗಿರಲಿ. ಒತ್ತಡಮಾಪಕಗಳನ್ನು ಯಂತ್ರದ ಬಳಿ ಮಾತ್ರವಲ್ಲದೆ, ಪ್ರತಿ ಗನ್‌ನ ಎ ಮತ್ತು ಬಿ ಬದಿಗಳಲ್ಲೂ ಅಳವಡಿಸಬೇಕು. ಪ್ರವಾಹಮಾಪಕ ಹಾಕುವುದಾದರೆ ಅದು ಕವಲಿನ ಆಚೆಗೆ ಇರಬೇಕು. ಪ್ರತಿ ಕವಲನ್ನೂ ಬೇರೆಯಾಗಿ ಮುಚ್ಚುವ ಕವಾಟ ಇರಬೇಕು. ಗನ್‌ಗಳ ಜಾಲರಿ, ರಂಧ್ರ, ಹಿಮ್ಮುಖ ಕವಾಟಗಳನ್ನು ದಿನವೂ ಶುಚಿಗೊಳಿಸಬೇಕು. ಕೆಲಸಕ್ಕೆ ಮೊದಲು ಪ್ರತಿ ಗನ್‌ನಿಂದ ಬೇರೆಬೇರೆಯಾಗಿ ಮತ್ತು ಎರಡರಿಂದಲೂ ಏಕಕಾಲದಲ್ಲಿ ಹಾಳೆಯ ಮೇಲೆ ನೊರೆ ಹೊಡೆದು, ಆರಿದ ಮೇಲೆ ಕತ್ತರಿಸಿ ನೋಡಬೇಕು. ತೂಗಿ ಸಾಂದ್ರತೆ ತಿಳಿಯಬೇಕು. ಬೇರೆಬೇರೆ ಹೊಡೆದಾಗ ಸರಿಯಿದ್ದದ್ದು ಜೊತೆಯಾಗಿ ಹೊಡೆದಾಗ ಕೆಡುವುದುಂಟು.

ಇಷ್ಟೆಲ್ಲ ಮಾಡುವ ಬದಲು ಒಂದೇ ಲಾರಿಯಲ್ಲಿ ಎರಡು ಚಿಕ್ಕ ಯಂತ್ರಗಳನ್ನು ಇರಿಸಿ, ಜನರೇಟರು ಮತ್ತು ಗಾಳಿ ಕಂಪ್ರೆಸರನ್ನು ಮಾತ್ರ ಹಂಚಿಕೊಳ್ಳುವ ಏರ್ಪಾಡು ಹೆಚ್ಚು ಭದ್ರ. ಬೆಲೆ ಹೆಚ್ಚು, ನಿಜ. ಆದರೆ ಪ್ರತಿ ಗನ್‌ಗೂ ತನ್ನದೇ ಜೋಡಿಪಂಪು ಇರುವುದರಿಂದ ಅನುಪಾತದ ಕಾವಲು ತಪ್ಪುವುದಿಲ್ಲ. ಒಂದು ಕೆಟ್ಟರೂ ಇನ್ನೊಂದು ನಡೆಯುತ್ತದೆ. ಬೇಕೆನಿಸಿದರೆ ಒಂದರಲ್ಲಿ ಮುಚ್ಚುಕೋಶದ, ಇನ್ನೊಂದರಲ್ಲಿ ತೆರೆಕೋಶದ ನೊರೆಯನ್ನೂ ಹೊಡೆಯಬಹುದು.

ಇನ್ನೊಂದು ವಿಷಯ. ಕಿಟಕಿ ಬಾಗಿಲುಗಳಿಗೆ ಹಾಳೆ ಕಟ್ಟುವುದು, ಹೆಚ್ಚುವರಿ ನೊರೆ ಕೊಯ್ಯುವುದು, ಏಣಿ ಸರಿಸುವುದು ಇವಕ್ಕೂ ಬಹಳಷ್ಟು ಹೊತ್ತು ಹಿಡಿಯುತ್ತದೆ. ಎರಡನೆಯ ಗನ್ ಈ ಹೊತ್ತನ್ನು ಕಡಿಮೆ ಮಾಡುವುದಿಲ್ಲ. ಅನೇಕ ವೇಳೆ ಇನ್ನೊಬ್ಬ ನುರಿತ ಸಹಾಯಕನಿಂದಲೇ ಕೆಲಸ ಚುರುಕಾದೀತು.

ಯಂತ್ರವೊಂದರ ಸುರಕ್ಷತೆ ಅದರ ಭಾಗಗಳಲ್ಲಿ ಮಾತ್ರವಲ್ಲ, ಭಾಗಗಳ ಜೋಡಣೆಯಲ್ಲೂ ಅಡಗಿರುತ್ತದೆ. ಒಂದು ಗನ್ ಇದ್ದಾಗ ಜೋಡಿಪಂಪು ಪ್ರತಿ ಹನಿಯ ಅನುಪಾತಕ್ಕೂ ಹೊಣೆ. ಕವಲು ಹಾಕಿದ ಮೇಲೆ ಅದು ಮೊತ್ತಕ್ಕೆ ಮಾತ್ರ ಹೊಣೆ. ಪಾಲಿನ ಹೊಣೆ ಕವಲು ಹಾಕಿದವರದು.