ಬಾಣಂತಿಗೂ ಒಂದು ಹಾಸಿಗೆ

ದಿನ ತುಂಬದೆ ಹುಟ್ಟಿದ ಕೂಸು ನವಜಾತ ಶಿಶುಗಳ ತೀವ್ರ ನಿಗಾ ಘಟಕ (ಎನ್‌ಐಸಿಯು) ಸೇರಿತೆಂದರೆ ಬಾಣಂತಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಒರೆಸುವುದು, ಬಟ್ಟೆ ಬದಲಿಸುವುದು, ಹಾಲು ಕುಡಿಸುವುದು ಎಲ್ಲ ನರ್ಸ್‌ಗಳ ಪಾಲು. ತವರಿನಲ್ಲಿದ್ದಿದ್ದರೆ ಎಣ್ಣೆ-ನೀರು, ಬೆಚ್ಚನೆಯ ಕೋಣೆ, ಕೂಗಿದರೆ ಓಗೊಡುವ ಅವ್ವ. ಇಲ್ಲಿ ಕಾರಿಡಾರಿನ ಚಾಪೆ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಎರಡು-ಮೂರು ತಾಸಿಗೊಮ್ಮೆ ಎದ್ದು, ಹಾಲು ಹಿಂಡಿ ಒಳಗೆ ಕೊಟ್ಟು ಬರಬೇಕು. ಆಕೆಗಿರುವ ಹೆಸರು ‘ಆರನೇ ಬೆಡ್ಡಿನ ತಾಯಿ’.

ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ 1950ರಲ್ಲೇ ಆಕ್ಯುಪೇಷನಲ್ ಥೆರಪಿಯ ಶಾಲೆ ತೆರೆದರೂ, ಅದು ಲಕ್ವ ಹೊಡೆದವರಿಗೆ ಅಂಗಿಯ ಗುಂಡಿ ಹಾಕಲು ಕಲಿಸುವ ವಿದ್ಯೆ ಎಂದೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ಕೈತಪ್ಪಿದ ದಿನನಿತ್ಯದ ಕೆಲಸವನ್ನು ಮತ್ತೆ ಕೈಗೂಡಿಸುವುದು ಅದರ ಕಸುಬು. ಹಾಗಿದ್ದರೆ ತಾಯ್ತನವೂ ಆ ಲೆಕ್ಕಕ್ಕೆ ಬರಬೇಕಲ್ಲ?

ನವಜಾತ ಶಿಶುಗಳ ವಾರ್ಡಿನಲ್ಲಿ ಪಳಗಿದ ಥೆರಪಿಸ್ಟ್ ಮೊದಲು ಮುಟ್ಟುವುದನ್ನು ಕಲಿಸುತ್ತಾರೆ. ತೊಳೆದು ಬೆಚ್ಚಗಾದ ಒಂದು ಅಂಗೈ ಕೂಸಿನ ನೆತ್ತಿಗೆ, ಇನ್ನೊಂದು ಮಡಚಿದ ಕಾಲುಗಳಿಗೆ. ಸವರಬಾರದು, ತಟ್ಟಬಾರದು, ಸುಮ್ಮನೆ ಇಟ್ಟಿರಬೇಕು. ತಟ್ಟದೆ ಮಗುವನ್ನು ಮಲಗಿಸಿ ಗೊತ್ತಿಲ್ಲದ ಅಜ್ಜಿಯರಿಗೆ ಇದು ವಿಚಿತ್ರವೆನಿಸುತ್ತದೆ. ಆದರೆ ಒಂದೂವರೆ ಕೆಜಿಯ ಜೀವಕ್ಕೆ ಸವರುವುದೂ ಕಿರಿಕಿರಿಯಾಗಬಹುದು. ಬೆರಳು ಸೆಟೆಸಿ ಅಗಲಿಸಿತೋ, ಬಿಕ್ಕಳಿಸಿತೋ, ಮುಖ ತಿರುಗಿಸಿತೋ, ಅದಕ್ಕೆ ಸಾಕಾಗಿದೆ ಎಂದು ಊಹಿಸಬಹುದು. ಮುಷ್ಟಿಯನ್ನು ಬಾಯಿಯ ಬಳಿ ತಂದುಕೊಂಡರೆ ತನ್ನನ್ನು ತಾನೇ ಸಂತೈಸಿಕೊಳ್ಳುತ್ತಿದೆ. ಇಷ್ಟು ತಿಳಿದ ತಾಯಿಯ ಕಣ್ಣು ಮಾನಿಟರಿನಿಂದ ಮಗುವಿನ ಕಡೆ ಹೊರಳುತ್ತದೆ.

ಉಳಿದದ್ದು ಆಕೆಯ ಪಾಡು. “ರಾತ್ರಿ ಎಷ್ಟು ಹೊತ್ತು ಮಲಗಿದ್ರಿ ಅಮ್ಮ? ಊಟ ಆಯ್ತಾ?” ಎಂದು ಕೇಳಿ, ನಿದ್ದೆಗೂ ಸ್ನಾನಕ್ಕೂ ದಿನದಲ್ಲಿ ಜಾಗ ಮಾಡಿಕೊಡುವುದೂ ಚಿಕಿತ್ಸೆಯೇ. ನಾಲ್ಕು ಜನ ತಾಯಂದಿರನ್ನು ಕೂರಿಸಿ ಉಲ್ಲನ್ ಕುಲಾವಿ ಹೆಣೆಸಿದರೆ ಮಾತೂ ಬಿಚ್ಚಿಕೊಳ್ಳುತ್ತದೆ. ‘ಧೈರ್ಯವಾಗಿರಿ’ ಎಂಬ ಪುಕ್ಕಟೆ ಉಪದೇಶಕ್ಕಿಂತ ಅದೇ ಮೇಲು.

ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದದ್ದು 1970ರ ದಶಕದ ಕೊನೆಗೆ, ಇನ್‌ಕ್ಯುಬೇಟರ್ ಸಾಲದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಅದನ್ನು ಸರ್ಕಾರಿ ಆಸ್ಪತ್ರೆಗಳಿಗೆ ತಂದು ನೋಡಿದ್ದಾರೆ. ಅಪ್ಪ, ಅಜ್ಜಿಯೂ ಸರದಿಯ ಮೇಲೆ ಎದೆಗೊಡಬಹುದು. ಬಾಣಂತಿಗೆ ಅಷ್ಟು ಹೊತ್ತು ಕಣ್ಣು ಮುಚ್ಚಲು ಬಿಡುವು.

ತಾಯಿಯನ್ನು ಒಳಗೆ ಬಿಟ್ಟರೆ ಸೋಂಕು ಬರುತ್ತದೆಂಬ ಭಯ ಹಳೆಯದು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎನ್‌ಐಸಿಯು ಒಳಗೇ ತಾಯಂದಿರಿಗೆ ಹಾಸಿಗೆ ಕೊಟ್ಟು ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರುಮಾಡಿದರು. ಮೊದಲ 28 ದಿನಗಳ ಶಿಶುಮರಣ ಶೇ 25ರಷ್ಟು ಇಳಿಯಿತು. ಸೋಂಕಿನ ಶಂಕೆಯೂ ಕಡಿಮೆಯಾಯಿತು. ಬಾಣಂತಿಯರ ತಪಾಸಣೆ ಅದೇ ಹಾಸಿಗೆಯ ಬಳಿ ನಡೆಯುವಂತಾಯಿತು.