ಸಂಬಳದಾಚೆಯ ಲೆಕ್ಕ

ಓದಿದ ಮಕ್ಕಳು ಅಂಗಡಿ, ಕಾರ್ಖಾನೆಗಳತ್ತ ಮುಖ ಮಾಡುವುದಿಲ್ಲವೆಂಬುದು ವರ್ತಕ ಕುಟುಂಬಗಳ ಹಳೆಯ ಕೊರಗು. ಸಂಬಳದ ಆಕರ್ಷಣೆಯೊಂದೇ ಇದಕ್ಕೆ ಕಾರಣವೆಂಬುದು ಅವಸರದ ತೀರ್ಮಾನ. ತಾನು ಮಾಡುವ ಕೆಲಸ ಯಾರಿಗೆ ಬೇಕಾಗಿದೆ ಎಂಬ ಪ್ರಶ್ನೆಯೂ ವೃತ್ತಿಯನ್ನು ನಿರ್ಧರಿಸಬಲ್ಲದು. ಇದಕ್ಕೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರೇ ನಿದರ್ಶನ.

ಖರಗ್‌ಪುರದ ಐಐಟಿಯಲ್ಲಿ ಓದಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದ ಹಂದೆಯವರು, ಡೊಮಿನಿಕನ್ ಗಣರಾಜ್ಯದ ಬಡ ಕುಟುಂಬಗಳು ಹಣ ತೆತ್ತು ಸೌರದೀಪ ಬಳಸುತ್ತಿದ್ದುದನ್ನು ಕಂಡು ಸಂಶೋಧನೆಯ ವಿಷಯವನ್ನೇ ಬದಲಿಸಿದರು. 1995ರಲ್ಲಿ ನೆವಿಲ್ ವಿಲಿಯಮ್ಸ್ ಅವರೊಡನೆ ಸೆಲ್ಕೊ ಸ್ಥಾಪಿಸಿ ಕರ್ನಾಟಕದ ಹಳ್ಳಿಗಳಲ್ಲಿ ಸೌರದೀಪ ಮಾರತೊಡಗಿದರು. ಅದು ದತ್ತಿಸಂಸ್ಥೆಯಲ್ಲ, ವ್ಯಾಪಾರಿ ಕಂಪನಿ. ಬಡವನು ದಾನ ಬೇಡುವವನಲ್ಲ, ಗ್ರಾಹಕ ಎಂಬುದೇ ಅದರ ನಿಲುವು.

ಈ ನಿಲುವಿನ ನಿಜವಾದ ಪರೀಕ್ಷೆ ನಡೆದದ್ದು ಪಾವತಿಯ ಕರಾರಿನಲ್ಲಿ. ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿ ಸುಲಭ ಎಂದು ಬೀದಿಬದಿಯ ವ್ಯಾಪಾರಿಯೊಬ್ಬರು ಹೇಳಿದ ಮಾತನ್ನು ಹಂದೆಯವರು ಹಲವೆಡೆ ಸ್ಮರಿಸಿದ್ದಾರೆ. ಮೊತ್ತ ಒಂದೇ, ಆದರೆ ಅಂದಂದಿನ ದುಡಿಮೆಯವರ ಕೈಯಲ್ಲಿ ತಿಂಗಳ ಕೊನೆಗೆ 300 ರೂಪಾಯಿ ಒಟ್ಟಾಗಿ ಉಳಿದಿರುವುದಿಲ್ಲ. (ಪಿಗ್ಮಿ ಠೇವಣಿ ಹುಟ್ಟಿದ ನಾಡಿಗೆ ಇದು ಹೊಸ ಪಾಠವೇನಲ್ಲ!) ಗ್ರಾಹಕನ ಕೈಗೆ ಹಣ ಬರುವ ಕಾಲಕ್ಕೆ ಬ್ಯಾಂಕ್ ಸಾಲದ ಕಂತುಗಳನ್ನು ಹೊಂದಿಸುವುದೇ ದೀಪ ಮಾರುವಷ್ಟೇ ಮುಖ್ಯ ಕೆಲಸವಾಯಿತು.

2005ರ ಸುಮಾರಿಗೆ ಜರ್ಮನಿಯ ಬೇಡಿಕೆಯಿಂದ ಸೌರಫಲಕಗಳ ಬೆಲೆ ಏರಿ ಕಂಪನಿ ನಷ್ಟಕ್ಕೆ ಸಿಲುಕಿತು. ಆಗಲೂ ಬಡ ಗ್ರಾಹಕರನ್ನು ಅದು ಕೈಬಿಡಲಿಲ್ಲ.